ಒಂದೇ ಮನೆ, ಒಂದೇ ಕೀಲಿಕೈ: 'ನೋ ರೂಮ್ ಅಟ್ ದಿ ಇನ್' ಯಾಕೆ ನಾಟಕದ ಹಾಗೆ ಕಾಣುತ್ತದೆ?

ಪ್ರಶ್ನೆ: ಮೊನ್ನೆ ರಾತ್ರಿ 1948ರ 'ನೋ ರೂಮ್ ಅಟ್ ದಿ ಇನ್' ಎಂಬ ಬ್ರಿಟಿಷ್ ಸಿನಿಮಾ ನೋಡಿದೆ. ಮುಕ್ಕಾಲು ಭಾಗ ಒಂದೇ ಮನೆಯೊಳಗೆ ನಡೆಯುತ್ತದೆ. ಎಲ್ಲರೂ ಮಾತಾಡುತ್ತಲೇ ಇರುತ್ತಾರೆ. ಮನೆಯೊಡತಿಯ ಪಾತ್ರ ಮಾಡಿದಾಕೆ ಕೊನೇ ಸಾಲಿನವರಿಗೂ ಕೇಳಿಸಲಿ ಅಂತ ನಟಿಸಿದ ಹಾಗಿತ್ತು. ನಾಟಕದ ಮುಂದೆ ಕ್ಯಾಮೆರಾ ಇಟ್ಟು ತೆಗೆದಿದ್ದಾರೆ ಅನಿಸಿತು. ದುಡ್ಡಿಲ್ಲದೆ ಹೀಗೆ ಮಾಡಿದರಾ? ಇದನ್ನು ಮೆಲೋಡ್ರಾಮಾ ಅಂತ ಯಾಕೆ ಕರೆಯುತ್ತಾರೆ? ಇಷ್ಟೆಲ್ಲ ಬೈದುಕೊಂಡೇ ನೋಡಿದೆ, ಆದರೂ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದು ಯಾಕೆ? ಮಕ್ಕಳ ಜೊತೆ ನೋಡಬಹುದಾ?

ಉತ್ತರ: ನಿದ್ದೆ ಬರಲಿಲ್ಲ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಉಳಿದ ಪ್ರಶ್ನೆಗಳೂ ಅದಕ್ಕೇ ಬಂದು ಸೇರುತ್ತವೆ.

ಹೌದು, ಇದು ನಾಟಕದಿಂದ ಬಂದ ಸಿನಿಮಾ. ಹೌದು, ದುಡ್ಡು ಕಡಿಮೆ ಇತ್ತು. ಇವೆರಡನ್ನೂ ಒಪ್ಪುತ್ತೇನೆ. ಆದರೆ 'ಅದಕ್ಕೇ ಕೆಟ್ಟಿತು' ಅಂದರೆ ಒಪ್ಪುವುದಿಲ್ಲ. ಆ ಮನೆಯಿಂದ ಕ್ಯಾಮೆರಾ ಜಾಸ್ತಿ ಹೊತ್ತು ಹೊರಗೆ ಓಡಾಡಿದ್ದರೆ ನೀವು ಹಾಯಾಗಿ ಮಲಗಿರುತ್ತಿದ್ದಿರಿ.

ಸಿನಿಮಾ ನೋಡದವರಿಗಾಗಿ ಕಥೆ ಎರಡು ಮಾತಿನಲ್ಲಿ ಹೇಳುತ್ತೇನೆ. ಯುದ್ಧದ ಕಾಲ. ಬಾಂಬಿನ ಭಯಕ್ಕೆ ಊರು ಬಿಡಿಸಿದ ಕೆಲವು ಮಕ್ಕಳನ್ನು ಮಿಸೆಸ್ ವೊರೇ ಎಂಬ ಹೆಂಗಸಿನ ಮನೆಯಲ್ಲಿ ಇಟ್ಟಿದ್ದಾರೆ. ಸರ್ಕಾರ ಮಕ್ಕಳ ಖರ್ಚಿಗೆ ಹಣ ಕೊಡುತ್ತದೆ. ಆಕೆ ಆ ಹಣದಲ್ಲಿ ಕುಡಿಯುತ್ತಾಳೆ, ಉಡುಪು ಕೊಳ್ಳುತ್ತಾಳೆ, ಮಕ್ಕಳ ರೇಷನ್ನನ್ನು ಕಾಳಸಂತೆಗೆ ಹಾಕುತ್ತಾಳೆ. ಮಕ್ಕಳು ಹಸಿದಿರುತ್ತಾರೆ, ಕೊಳಕಾಗಿರುತ್ತಾರೆ. ತಪ್ಪು ಮಾಡಿದರೆ ಕಲ್ಲಿದ್ದಲು ತುಂಬುವ ನೆಲಮಾಳಿಗೆಗೆ ಹಾಕಿ ಬೀಗ ಜಡಿಯುತ್ತಾಳೆ. ಈ ಮನೆಗೆ ಮೇರಿ ಎಂಬ ಹೊಸ ಹುಡುಗಿ ಬರುತ್ತಾಳೆ. ಜೂಡಿತ್ ಎಂಬ ಟೀಚರ್‌ಗೆ ಏನೋ ಸರಿಯಿಲ್ಲ ಅಂತ ವಾಸನೆ ಹತ್ತುತ್ತದೆ. ಆಕೆ ದೂರು ಕೊಡುತ್ತಾಳೆ. ಊರಿನ ದೊಡ್ಡವರು ನಂಬುವುದಿಲ್ಲ. ಕೊನೆ ಏನಾಗುತ್ತದೆ ಅಂತ ಇಲ್ಲಿ ಹೇಳುವುದಿಲ್ಲ, ನೋಡದವರಿಗೆ ಮೋಸ ಮಾಡಿದ ಹಾಗಾಗುತ್ತದೆ.

ಈಗ ಇದರ ಹಿಂದಿನ ಲೆಕ್ಕ ನೋಡಿ. 1939ರ ಸೆಪ್ಟೆಂಬರ್ ಮೊದಲ ಕೆಲವೇ ದಿನಗಳಲ್ಲಿ ಬ್ರಿಟನ್ ಸುಮಾರು 15 ಲಕ್ಷ ಜನರನ್ನು ದೊಡ್ಡ ಊರುಗಳಿಂದ ಹಳ್ಳಿ, ಸಣ್ಣ ಪೇಟೆಗಳಿಗೆ ಸಾಗಿಸಿತು. ಹೆಚ್ಚಿನವರು ಶಾಲೆಯ ಮಕ್ಕಳು. ಕುತ್ತಿಗೆಗೆ ಹೆಸರಿನ ಚೀಟಿ, ಹೆಗಲಿಗೆ ಗ್ಯಾಸ್ ಮಾಸ್ಕ್ ಡಬ್ಬಿ. ಎಷ್ಟೋ ಊರುಗಳಲ್ಲಿ ಮಕ್ಕಳನ್ನು ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿ, ಮನೆಯವರು ಬಂದು ಬೇಕಾದವರನ್ನು ಆರಿಸಿಕೊಂಡು ಹೋದರು. ಸಂತೆಯಲ್ಲಿ ಕುರಿ ನೋಡುತ್ತಾರಲ್ಲ, ಹಾಗೆ. ಚೆಂದದ ಮಗು ಮೊದಲು ಹೋಗುತ್ತಿತ್ತು. ಮೂಗು ಸೋರುವ ಮಗು, ತಮ್ಮನ ಕೈ ಬಿಡದ ಅಕ್ಕ, ಇವರೆಲ್ಲ ಕೊನೆಗೆ ಉಳಿಯುತ್ತಿದ್ದರು.

ಒಂದೇ ಮಗು ಇಟ್ಟುಕೊಂಡರೆ ವಾರಕ್ಕೆ 10 ಶಿಲ್ಲಿಂಗ್ 6 ಪೆನ್ಸ್. ಒಂದಕ್ಕಿಂತ ಜಾಸ್ತಿ ಆದರೆ ತಲೆಗೆ 8 ಶಿಲ್ಲಿಂಗ್ 6 ಪೆನ್ಸ್. 1939ರ ದರ ಇದು. ಆಗ 20 ಶಿಲ್ಲಿಂಗ್‌ಗೆ ಒಂದು ಪೌಂಡ್. ಐದು ಮಕ್ಕಳಿದ್ದರೆ ವಾರಕ್ಕೆ 42 ಶಿಲ್ಲಿಂಗ್ 6 ಪೆನ್ಸ್, ಅಂದರೆ 2 ಪೌಂಡ್ ದಾಟುತ್ತದೆ. ಸರಿಯಾಗಿ ಊಟ ಹಾಕಿದರೆ ಇದರಲ್ಲಿ ಏನೂ ಉಳಿಯುವುದಿಲ್ಲ. ಊಟ ಹಾಕದಿದ್ದರೆ ಉಳಿಯುತ್ತದೆ. ಮಿಸೆಸ್ ವೊರೇಯ ಇಡೀ ಸಂಸಾರ ನಡೆಯುವುದು ಈ 'ಹಾಕದಿದ್ದರೆ' ಎಂಬ ಒಂದು ಮಾತಿನ ಮೇಲೆ. ಸಿನಿಮಾ ನೋಡುವಾಗ ಈ ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ. ಆಕೆಯ ಪ್ರತಿಯೊಂದು ಹೊಸ ಟೋಪಿಯೂ ಯಾವುದೋ ಮಗುವಿನ ಊಟ.

ಈ ಕಥೆ ಬರೆದವರು ಜೋನ್ ಟೆಂಪಲ್. ಅವರ ನಾಟಕ 1945ರಲ್ಲಿ ಲಂಡನ್ನಿನ ಸ್ವಿಸ್ ಕಾಟೇಜ್‌ನಲ್ಲಿದ್ದ ಎಂಬಸಿ ಥಿಯೇಟರ್‌ನಲ್ಲಿ ಮೊದಲು ರಂಗಕ್ಕೆ ಬಂತು. ಅದೇ ವರ್ಷ ಜನವರಿ 9ರಂದು ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಒಂದು ತೋಟದ ಮನೆಯಲ್ಲಿ ಡೆನ್ನಿಸ್ ಓನೀಲ್ ಎಂಬ ಹುಡುಗ ಸತ್ತಿದ್ದ. ವಯಸ್ಸು 12. ವೇಲ್ಸ್‌ನ ನ್ಯೂಪೋರ್ಟ್ ನಗರಸಭೆ ಅವನನ್ನು ಆ ಮನೆಗೆ ಸಾಕಲು ಕೊಟ್ಟಿತ್ತು. ಹೊಡೆತ, ಹಸಿವು ಎರಡೂ ಅವನನ್ನು ಕೊಂದವು. ಸಾಕುತಂದೆಗೆ ಆರು ವರ್ಷ ಜೈಲಾಯಿತು. ನ್ಯೂಪೋರ್ಟ್‌ನವರು ಶ್ರಾಪ್‌ಶೈರ್‌ನವರು ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದರು, ಶ್ರಾಪ್‌ಶೈರ್‌ನವರು ಅದು ನ್ಯೂಪೋರ್ಟ್‌ನವರ ಕೆಲಸ ಅಂದುಕೊಂಡಿದ್ದರು. ಇಡೀ ದೇಶ ಬೆಚ್ಚಿಬಿತ್ತು. ವಿಚಾರಣೆ ನಡೆಯಿತು, 1946ರಲ್ಲಿ ಮನೆಯಿಲ್ಲದ ಮಕ್ಕಳ ಪಾಲನೆಯ ಬಗ್ಗೆ ಕರ್ಟಿಸ್ ಸಮಿತಿಯ ವರದಿ ಬಂತು. 1948ರಲ್ಲಿ ಮಕ್ಕಳ ಕಾಯ್ದೆ ಬಂದು, ಪ್ರತಿ ಸ್ಥಳೀಯ ಸಂಸ್ಥೆಯೂ ಮಕ್ಕಳಿಗಾಗಿಯೇ ಒಬ್ಬ ಅಧಿಕಾರಿಯನ್ನು ನೇಮಿಸಬೇಕಾಯಿತು. ಸಿನಿಮಾ ಬಂದದ್ದೂ 1948ರಲ್ಲೇ. ಹಾಗಾಗಿ ತೆರೆಯ ಮೇಲಿನ ಕೌನ್ಸಿಲರ್‌ಗಳು ಹಲ್ಲು ಕಿರಿಯುತ್ತಾ ಮಿಸೆಸ್ ವೊರೇಯ ಮಾತಿಗೆ ತಲೆದೂಗುವುದನ್ನು ನೋಡಿದಾಗ ಅಂದಿನ ಪ್ರೇಕ್ಷಕರಿಗೆ ಅದು ಸುಮ್ನೆ ಕಥೆಯಾಗಿ ಕಂಡಿರಲಾರದು. ಆ ಸುದ್ದಿ ಇನ್ನೂ ಹಸಿಯಾಗಿತ್ತು. ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ನಾಟಕದ ಹಿಂದೆ ಇರುವುದೂ ಇದೇ ಪ್ರಕರಣ ಅಂತ ಹೇಳುತ್ತಾರೆ.

ನಾಟಕ ಗೆದ್ದಿತು. 1946ರಲ್ಲಿ ಲಂಡನ್ನಿನ ದೊಡ್ಡ ನಾಟಕಗಳ ಬೀಡಾದ ವೆಸ್ಟ್ ಎಂಡ್‌ನ ವಿಂಟರ್ ಗಾರ್ಡನ್ ಥಿಯೇಟರ್‌ಗೆ ಹೋಯಿತು. ಮಿಸೆಸ್ ವೊರೇ ಆಗಿ ಫ್ರೆಡಾ ಜ್ಯಾಕ್ಸನ್ ಹೆಸರು ಮಾಡಿದರು. ಸಿನಿಮಾದಲ್ಲೂ ಅವರೇ. ನಿಮಗೆ ಜೋರು ಅನಿಸಿದಾಕೆ ಇವರೇ. ಇವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ದುಡ್ಡಿನ ಮಾತು ಮುಗಿಸೋಣ. ಚಿತ್ರ ತೆಗೆದದ್ದು ಬ್ರಿಟಿಷ್ ನ್ಯಾಷನಲ್ ಎಂಬ ಸಂಸ್ಥೆ. ಇದರಲ್ಲಿ ನಮ್ಮ ದೇಶದ ಒಂದು ಎಳೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 1934ರಲ್ಲಿ ಈ ಸಂಸ್ಥೆ ಕಟ್ಟಿದ ಮೂವರಲ್ಲಿ ಒಬ್ಬರು ಲೇಡಿ ಯೂಲ್. ಇನ್ನಿಬ್ಬರು ಹಿಟ್ಟಿನ ಗಿರಣಿಯ ಜೆ. ಆರ್ಥರ್ ರ್‍ಯಾಂಕ್ ಮತ್ತು ನಿರ್ಮಾಪಕ ಜಾನ್ ಕಾರ್ಫೀಲ್ಡ್. ಲೇಡಿ ಯೂಲ್ ಅಂದರೆ ಕಲ್ಕತ್ತೆಯ ಸರ್ ಡೇವಿಡ್ ಯೂಲ್ ಅವರ ಹೆಂಡತಿ. ಆಂಡ್ರ್ಯೂ ಯೂಲ್ ಕಂಪನಿ ಹೆಸರು ಕೇಳಿರಬಹುದು, ಈಗ ಅದು ಭಾರತ ಸರ್ಕಾರದ್ದು. ಬಂಗಾಳದ ಸೆಣಬು, ಚಹಾ, ಕಲ್ಲಿದ್ದಲಿನಲ್ಲಿ ಆ ಮನೆತನ ಮಾಡಿದ ಹಣಕ್ಕೆ ಲೆಕ್ಕವಿರಲಿಲ್ಲ. 1928ರಲ್ಲಿ ಗಂಡ ತೀರಿಕೊಂಡ ಮೇಲೆ ಆಕೆ ಒಂದು ಐಷಾರಾಮಿ ಹಡಗು ಕಟ್ಟಿಸಿದರು, ಆಮೇಲೆ ಸಿನಿಮಾಕ್ಕೂ ಹಣ ಹಾಕಿದರು. ಲಂಡನ್ನಿನ ಹಸಿದ ಮಕ್ಕಳ ಈ ಕಥೆಯ ಬೆನ್ನಿಗೆ ನಮ್ಮ ಹೂಗ್ಲಿ ದಂಡೆಯ ಸೆಣಬಿನ ಗಿರಣಿಗಳ ದುಡ್ಡೂ ಇತ್ತು.

ಇಷ್ಟು ಶ್ರೀಮಂತರ ಕಂಪನಿ ಯಾಕೆ ಕಡಿಮೆ ಖರ್ಚಿನ ಸಿನಿಮಾ ತೆಗೆಯಿತು ಅಂತ ಕೇಳುತ್ತೀರಿ. ಹಣವಂತರು ಹಣ ಸುರಿಯುತ್ತಾರೆ ಅಂತ ಯಾರು ಹೇಳಿದರು? ರ್‍ಯಾಂಕ್ ಬೇಗನೇ ಹೊರಬಿದ್ದು ತನ್ನದೇ ಸಾಮ್ರಾಜ್ಯ ಕಟ್ಟಿದರು. ಥಿಯೇಟರ್‌ಗಳ ದೊಡ್ಡ ಸರಪಳಿ, ಹಂಚಿಕೆ, ಸ್ಟುಡಿಯೋ ಎಲ್ಲ ಅವರ ಕೈಗೆ ಹೋಯಿತು. ಬ್ರಿಟಿಷ್ ನ್ಯಾಷನಲ್‌ಗೆ ಉಳಿದದ್ದು ಲಂಡನ್ ಹತ್ತಿರದ ಎಲ್‌ಸ್ಟ್ರೀಯ ಒಂದು ಸಾಧಾರಣ ಸ್ಟುಡಿಯೋ. ತನ್ನದೇ ಥಿಯೇಟರ್ ಇಲ್ಲದವನು ದೊಡ್ಡ ಬಜೆಟ್ಟಿನ ಚಿತ್ರ ತೆಗೆದು ಯಾರಿಗೆ ಮಾರುತ್ತಾನೆ? ಹಾಗಾಗಿ ಕೈ ಬಿಗಿ ಹಿಡಿದೇ ತೆಗೆಯುತ್ತಿದ್ದರು. 1948ರಲ್ಲಿ ಸಂಸ್ಥೆ ಬಾಗಿಲು ಹಾಕಿತು. ನೀವು ನೋಡಿದ್ದು ಅದರ ಕೊನೆಯ ಚಿತ್ರಗಳಲ್ಲಿ ಒಂದು. ಆ ಸ್ಟುಡಿಯೋ ಜಾಗದಲ್ಲಿ ಈಗ ಬಿಬಿಸಿ ಇದೆ, ಅಲ್ಲೇ 'ಈಸ್ಟ್‌ಎಂಡರ್ಸ್' ಧಾರಾವಾಹಿ ತೆಗೆಯುತ್ತಾರೆ. ಅಲ್ಲೂ ಅದೇ: ಮನೆ, ಬಾಗಿಲು, ಅಡುಗೆಮನೆಯಲ್ಲಿ ಕೂಗಾಟ. ಆ ನೆಲದ ಗುಣವೇ ಇರಬೇಕು.

ಆಗಿನ ಮಾರುಕಟ್ಟೆ ಹೇಗಿತ್ತು ಅಂತಲೂ ಗೊತ್ತಿರಬೇಕು. 1946ರಲ್ಲಿ ಬ್ರಿಟನ್ನಿನಲ್ಲಿ 163 ಕೋಟಿ ಸಿನಿಮಾ ಟಿಕೆಟ್ ಹರಿದವು. ಅಂದರೆ ವಾರಕ್ಕೆ ಮೂರು ಕೋಟಿಗೂ ಜಾಸ್ತಿ, ಆ ದೇಶದ ಜನಸಂಖ್ಯೆಯೇ ಐದು ಕೋಟಿ ಮುಟ್ಟಿರದಿದ್ದಾಗ! 1947ರ ಆಗಸ್ಟ್‌ನಲ್ಲಿ ಸರ್ಕಾರ ಹೊರದೇಶದ ಚಿತ್ರಗಳ ಮೇಲೆ ಶೇಕಡಾ 75 ಸುಂಕ ಹಾಕಿತು. ದೇಶದ ಡಾಲರ್ ಉಳಿಸಬೇಕಿತ್ತು. ಹಾಲಿವುಡ್ ಮುನಿಸಿಕೊಂಡು ಹೊಸ ಚಿತ್ರ ಕಳಿಸುವುದನ್ನೇ ನಿಲ್ಲಿಸಿತು. 1948ರ ಮಾರ್ಚ್‌ನಲ್ಲಿ ರಾಜಿಯಾಯಿತು. ಅದೇ ವರ್ಷ ಥಿಯೇಟರ್‌ಗಳು ಮುಖ್ಯ ಚಿತ್ರಗಳಲ್ಲಿ ಶೇಕಡಾ 45ರಷ್ಟು ಬ್ರಿಟಿಷ್ ಚಿತ್ರಗಳನ್ನೇ ಹಾಕಬೇಕು ಎಂಬ ನಿಯಮ ಬಂತು. ಒಂದು ಕಡೆ ಜನ ಕ್ಯೂ ನಿಂತಿದ್ದಾರೆ, ಇನ್ನೊಂದು ಕಡೆ ಸರಕು ಸಾಲದು. ಇಂಥ ಹೊತ್ತಿನಲ್ಲಿ ನಿರ್ಮಾಪಕನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ? ಎದುರಿನ ರಸ್ತೆಯಲ್ಲಿ ಹೌಸ್‌ಫುಲ್ ಓಡುತ್ತಿರುವ ನಾಟಕದ ಕಡೆಗೆ.

ನಾಟಕ ಅಂದರೆ ಅರ್ಧ ಬೆಂದ ಅಡುಗೆ. ಕಥೆ ಇದೆ, ಮಾತು ಇದೆ, ಯಾವ ಮಾತಿಗೆ ಜನ ನಗುತ್ತಾರೆ, ಯಾವುದಕ್ಕೆ ಉಸಿರು ಬಿಗಿಹಿಡಿಯುತ್ತಾರೆ ಅಂತ ತಿಂಗಳುಗಟ್ಟಲೆ ಪರೀಕ್ಷೆಯಾಗಿದೆ. ಹೆಸರಿಗೆ ಬೇರೆ ಪ್ರಚಾರ ಬೇಡ. ನಟಿಗೆ ಪಾತ್ರ ಮೈಗೂಡಿದೆ. ಎಲ್ಲಕ್ಕಿಂತ ಮುಖ್ಯ, ಸೆಟ್ ಕಡಿಮೆ. ಶೂಟಿಂಗ್‌ನಲ್ಲಿ ಹೊತ್ತು ತಿನ್ನುವುದು ನಟನೆಯಲ್ಲ, ಲೈಟಿಂಗ್. ಒಂದು ಜಾಗದಿಂದ ಇನ್ನೊಂದಕ್ಕೆ ಹೋದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಒಂದೇ ಮನೆಯಾದರೆ ಅಡುಗೆಮನೆಯ ದೃಶ್ಯ ಎಲ್ಲ ಒಟ್ಟಿಗೆ, ಮೆಟ್ಟಿಲಿನವು ಎಲ್ಲ ಒಟ್ಟಿಗೆ ತೆಗೆದು ಮುಗಿಸಬಹುದು.

ನಾಟಕವನ್ನು ಸಿನಿಮಾ ಮಾಡುವಾಗ ಎಲ್ಲರೂ ಮಾಡುವ ಮೊದಲ ಕೆಲಸ 'ಬಿಚ್ಚುವುದು'. ಅಂದರೆ ರಂಗದ ಮೇಲೆ ಮಾತಿನಲ್ಲಿ ಬಂದು ಹೋಗುವುದನ್ನು ಹೊರಗೆ ತೋರಿಸುವುದು: ಬೀದಿ, ಅಂಗಡಿ, ರೈಲು ನಿಲ್ದಾಣ. ಇಲ್ಲೂ ಮಾಡಿದ್ದಾರೆ. ಚಿತ್ರ ಶುರುವಾಗುವುದೇ ಕೆಲವು ವರ್ಷಗಳ ನಂತರ, ಅಂಗಡಿಯೊಂದರಲ್ಲಿ ಕದ್ದು ಸಿಕ್ಕಿಬಿದ್ದ ನಾರ್ಮಾ ಎಂಬ ಹುಡುಗಿಯಿಂದ. ಅಲ್ಲಿಂದ ಫ್ಲ್ಯಾಶ್‌ಬ್ಯಾಕ್. ನನ್ನ ಕೇಳಿದರೆ ಆ ಭಾಗವೇ ಸಪ್ಪೆ. 'ನೋಡಿ, ಹೀಗೆ ಬೆಳೆದರೆ ಹೀಗಾಗುತ್ತಾರೆ' ಎಂದು ಬೋರ್ಡ್ ಬರೆದು ತೂಗುಹಾಕಿದ ಹಾಗಿದೆ. ಕೌನ್ಸಿಲ್ ಸಭೆಯ ದೃಶ್ಯ ಪರವಾಗಿಲ್ಲ. ಉಳಿದಂತೆ ಹೊರಗೆ ಹೋದಾಗಲೆಲ್ಲ ಸಿನಿಮಾ ಸಡಿಲವಾಗುತ್ತದೆ, ಮನೆಗೆ ಬಂದ ಕೂಡಲೇ ಬಿಗಿಯಾಗುತ್ತದೆ.

ಯಾಕೆ ಅಂತ ನೋಡಿ. ನಾನು ಹುಡುಗನಾಗಿದ್ದಾಗ ಮೈಸೂರಿನಲ್ಲಿ ಹವ್ಯಾಸಿ ತಂಡವೊಂದರಲ್ಲಿ ಸೆಟ್ ಹೊರುವ ಕೆಲಸ ಮಾಡುತ್ತಿದ್ದೆ. ಒಂದೇ ಕೋಣೆಯ ನಾಟಕ. ಪ್ಲೈವುಡ್ ಗೋಡೆ, ಅದಕ್ಕೊಂದು ಬಾಗಿಲು. ನಮ್ಮ ನಿರ್ದೇಶಕರು ಬೇರೆ ಯಾವುದಕ್ಕೂ ಅಷ್ಟು ಬೈಯುತ್ತಿರಲಿಲ್ಲ, ಆ ಬಾಗಿಲಿಗೆ ಬೈಯುತ್ತಿದ್ದರು. ಅದು ಅಲುಗಾಡಬಾರದು, ಸದ್ದು ಸರಿಯಾಗಿ ಬರಬೇಕು, ಚಿಲಕ ನಿಜವಾಗಿ ಬೀಳಬೇಕು. ಒಂದು ಪ್ರದರ್ಶನದಲ್ಲಿ ಆ ಬಾಗಿಲು ಕಚ್ಚಿಕೊಂಡು ತೆರೆಯಲೇ ಇಲ್ಲ. ನಟ ಕಿಟಕಿಯಿಂದ ಹತ್ತಿ ಬಂದ. ಜನ ಬಿದ್ದು ಬಿದ್ದು ನಕ್ಕರು, ನಾಟಕ ಅಲ್ಲಿಗೇ ಸತ್ತಿತು. ಒಂದೇ ಕೋಣೆಯ ನಾಟಕದಲ್ಲಿ ಬಾಗಿಲೂ ಒಂದು ಪಾತ್ರ ಅಂತ ಆವತ್ತು ಗೊತ್ತಾಯಿತು.

ಈ ಸಿನಿಮಾದಲ್ಲಿ ಆ ಪಾತ್ರ ಎರಡು ಕಡೆ ಇದೆ. ಒಂದು ಮುಂಬಾಗಿಲು. ಅದು ತೆರೆದಾಗಲೆಲ್ಲ ಹೊರಗಿನ ಲೋಕ ಒಳಗೆ ಬರುತ್ತದೆ: ಪಾದ್ರಿ, ಟೀಚರ್, ಕೌನ್ಸಿಲರ್, ಮೇರಿಯ ಅಪ್ಪ. ಪ್ರತಿ ಸಲ ನಮಗೆ ಆಸೆ ಹುಟ್ಟುತ್ತದೆ, ಈ ಸಲ ಇವನಾದರೂ ನೋಡುತ್ತಾನೆ ಅಂತ. ಪ್ರತಿ ಸಲ ಅವರು ಟೀ ಕುಡಿದೋ, ಇನ್ನೇನೋ ಕುಡಿದೋ ಹೋಗುತ್ತಾರೆ. ಇನ್ನೊಂದು ನೆಲಮಾಳಿಗೆಯ ಬಾಗಿಲು. ಅದರ ಕೀಲಿ ಆಕೆಯ ಬಳಿ. ಹೊರಗಿನವರ ಕಣ್ಣಿಗೆ ಮೊದಲನೆಯ ಬಾಗಿಲು ಮಾತ್ರ ಕಾಣುತ್ತದೆ, ನಮಗೆ ಎರಡೂ ಕಾಣುತ್ತವೆ. ನಿಮ್ಮ ನಿದ್ದೆ ಕೆಡಿಸಿದ್ದು ಇದೇ. ಈ ಕಥೆಯನ್ನು ಹತ್ತು ಜಾಗದಲ್ಲಿ ತೆಗೆದಿದ್ದರೆ ನಾವೂ ಆ ಪಾದ್ರಿಯ ಹಾಗೆ ಬಂದು ಹೋಗುವವರಾಗುತ್ತಿದ್ದೆವು. ಒಂದೇ ಮನೆಯಲ್ಲಿ ಕೂಡಿಹಾಕಿದ್ದರಿಂದ ಮಕ್ಕಳ ಜೊತೆ ಉಳಿದುಬಿಟ್ಟೆವು. ಬಜೆಟ್ ಕಟ್ಟಿದ ಗೋಡೆಗಳೇ ಕಥೆಯ ಗೋಡೆಗಳೂ ಆದವು. ಛಾಯಾಗ್ರಾಹಕ ಜೇಮ್ಸ್ ವಿಲ್ಸನ್ ಆ ಗೋಡೆಗಳ ಅರ್ಧವನ್ನು ನೆರಳಿನಲ್ಲಿ ಬಿಟ್ಟಿದ್ದಾರೆ. ಕಾಣದ ಗೋಡೆಗೆ ಬಣ್ಣ ಹೊಡೆಯುವ ಖರ್ಚಿಲ್ಲ, ನೋಡುವವನಿಗೆ ಭಯ ಪುಕ್ಕಟೆ.

ಈಗ ಮೆಲೋಡ್ರಾಮಾ. ಇವತ್ತು ಆ ಮಾತು ಬೈಗುಳದ ಹಾಗಾಗಿದೆ. ಮೂಲದಲ್ಲಿ ಅದಕ್ಕೊಂದು ಕಾನೂನಿನ ಕಥೆಯಿದೆ. ಗ್ರೀಕಿನಲ್ಲಿ ಮೆಲೋಸ್ ಅಂದರೆ ಹಾಡು. ಲಂಡನ್ನಿನಲ್ಲಿ 1843ರ ತನಕ ಮಾತಿನ ನಾಟಕ ಆಡಲು ಪರವಾನಗಿ ಇದ್ದದ್ದು ಮುಖ್ಯವಾಗಿ ಡ್ರೂರಿ ಲೇನ್ ಮತ್ತು ಕೋವೆಂಟ್ ಗಾರ್ಡನ್‌ನ ಎರಡು ಥಿಯೇಟರ್‌ಗಳಿಗೆ. ಉಳಿದವರು ಏನು ಮಾಡಬೇಕು? ಸಂಗೀತ ಸೇರಿಸಿ 'ಇದು ನಾಟಕವಲ್ಲ ಸ್ವಾಮಿ' ಅಂದರು. ಪಾತ್ರ ಬರುವ ಮುಂಚೆಯೇ ವಾದ್ಯ ಹೇಳುತ್ತಿತ್ತು, ಬರುತ್ತಿರುವವನು ಒಳ್ಳೆಯವನೋ ಕೆಟ್ಟವನೋ ಅಂತ. ಕಂಪನಿ ನಾಟಕ ನೋಡಿದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಹಾರ್ಮೋನಿಯಂ ಮಾಡುತ್ತಿದ್ದದ್ದೂ ಅದನ್ನೇ.

ಸಂಗೀತ ಹಿಂದೆ ಸರಿದ ಮೇಲೂ ಉಳಿದದ್ದು ಆ ತಿರುಳು: ಪ್ರೇಕ್ಷಕನಿಗೆ ಎಲ್ಲ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಪತ್ತೇದಾರಿ ಕಥೆಯಲ್ಲಿ ಉಲ್ಟಾ, ಅಲ್ಲಿ ನಮಗೇ ಗೊತ್ತಿರುವುದಿಲ್ಲ. ಮಿಸೆಸ್ ವೊರೇ ಎಂಥವಳು ಅಂತ ನಮಗೆ ಬೇಗನೇ ಗೊತ್ತಾಗುತ್ತದೆ. ಉಳಿದ ಹೊತ್ತೆಲ್ಲ ನಾವು ಕಾಯುವುದು ಊರಿಗೆ ಯಾವಾಗ ಗೊತ್ತಾಗುತ್ತದೆ ಅಂತ. ಕೆಲವು ವರ್ಷಗಳ ಹಿಂದೆ ಇದನ್ನು ಒಂದು ಸಣ್ಣ ಕೋಣೆಯಲ್ಲಿ ಮೂವತ್ತು ಜನಕ್ಕೆ ತೋರಿಸಿದ್ದೆವು. ಕೌನ್ಸಿಲರ್ ಒಬ್ಬ ಆಕೆಯ ನಗುವಿಗೆ ಕರಗುತ್ತಿದ್ದಾಗ ಹಿಂದಿನಿಂದ ಒಬ್ಬ ಅಜ್ಜಿ ಗಟ್ಟಿಯಾಗಿ ಅಂದರು: "ಅವನಿಗೇನು ಕಣ್ಣು ಕುರುಡಾ?" ಯಾರೂ ನಗಲಿಲ್ಲ. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು.

ಅಂಥ ಸಿನಿಮಾಗಳ ಬಗ್ಗೆ ಆ ಕಾಲದ ಗಂಭೀರ ವಿಮರ್ಶಕರಿಗೆ ಅಷ್ಟಕ್ಕಷ್ಟೇ. ಅವರಿಗೆ ಬೇಕಾಗಿದ್ದು ಸಂಯಮ, ನೈಜತೆ, ಸಾಕ್ಷ್ಯಚಿತ್ರದ ಗುಣ. ಜನ ಮಾತ್ರ ಮೆಲೋಡ್ರಾಮಾಕ್ಕೇ ನುಗ್ಗುತ್ತಿದ್ದರು.

ಹಾಗಾದರೆ ಫ್ರೆಡಾ ಜ್ಯಾಕ್ಸನ್ ಜಾಸ್ತಿ ಮಾಡಿದರಾ? ಮಾಡಿದರು. ಆದರೆ ಆ 'ಜಾಸ್ತಿ'ಯಲ್ಲಿ ನಟಿಯದೆಷ್ಟು, ಪಾತ್ರದ್ದೆಷ್ಟು ಅಂತ ಬಿಡಿಸಿ ನೋಡಿ. ಮಿಸೆಸ್ ವೊರೇಯೇ ಒಬ್ಬ ನಟಿ. ಆಕೆಯ ಹೊಟ್ಟೆಪಾಡೇ ನಟನೆ. ಮಕ್ಕಳ ಜೊತೆ ಒಂದು ದನಿ, ಹೊರಗಿನವರ ಜೊತೆ ಇನ್ನೊಂದು. ಯಾರೋ ಬಂದರು ಅಂದ ಕೂಡಲೇ ಉಚ್ಚಾರ ಮೇಲಕ್ಕೇರುತ್ತದೆ, ದೊಡ್ಡ ಮನೆಯವರ ಮಾತಿನ ಧಾಟಿ ಬರುತ್ತದೆ, ಮುಖದಲ್ಲಿ ದಣಿದ ತಾಯಿಯ ನಗು ಮೂಡುತ್ತದೆ. ಇಂಗ್ಲೆಂಡಿನಲ್ಲಿ ಬಾಯಿ ತೆರೆದರೆ ಸಾಕು, ನಿಮ್ಮ ಅಂತಸ್ತು ಗೊತ್ತಾಗುತ್ತದೆ. ಆಕೆಗೂ ಅದು ಗೊತ್ತು. ಆ ಬದಲಾವಣೆ ಆಗುವ ಕ್ಷಣವನ್ನು ಸಬ್‌ಟೈಟಲ್ ಹಿಡಿಯುವುದಿಲ್ಲ, ಕಿವಿಗೊಟ್ಟು ಕೇಳಬೇಕು. ಇನ್ನೊಂದು ಸಲ ನೋಡುವುದಾದರೆ ಬಾಗಿಲ ಬಳಿಯ ಆ ಒಂದೆರಡು ಸೆಕೆಂಡುಗಳನ್ನೇ ನೋಡಿ. ರಂಗದ ಮೇಲೆ ಬೇಕಾಗಿದ್ದ ಗಂಟಲು ಕ್ಯಾಮೆರಾ ಹತ್ತಿರ ಬಂದಾಗ ಜೋರಾಗಿ ಕೇಳುತ್ತದೆ, ನಿಜ. ಆದರೆ ಆಕೆ ಜೋರಾಗಿ ಇರಬೇಕಾದವಳೇ.

ಆ ಪಾತ್ರದ ಪಕ್ಕದಲ್ಲಿ ಟೀಚರ್ ಜೂಡಿತ್ ಪಾಪ, ಮರದ ಹಲಗೆ. ಒಳ್ಳೆಯವರನ್ನು ಬರೆಯುವುದು ಕಷ್ಟ. ಗೆಳತಿ ಮಿಸೆಸ್ ವಾಟರ್ಸ್ ಆಗಿ ಹರ್ಮಿಯೋನಿ ಬ್ಯಾಡ್ಲೇ ಬರುತ್ತಾರೆ, ಅವರು ಬಂದಾಗ ಸಿನಿಮಾಕ್ಕೆ ಒಂದು ಕೊಳಕು ಉತ್ಸಾಹ ಬರುತ್ತದೆ. ಮುಂದೆ 1959ರ ಒಂದು ಚಿತ್ರದಲ್ಲಿ ಎರಡೂವರೆ ನಿಮಿಷಕ್ಕೂ ಕಡಿಮೆ ಹೊತ್ತು ತೆರೆಯ ಮೇಲಿದ್ದು ಆಸ್ಕರ್‌ಗೆ ನಾಮನಿರ್ದೇಶನ ಗಿಟ್ಟಿಸಿದವರು ಇವರೇ. ಹೊತ್ತು ಎಷ್ಟು ಅನ್ನುವುದು ಅವರಿಗೆ ಲೆಕ್ಕವೇ ಇರಲಿಲ್ಲ.

ನೀವು ಪ್ರಶ್ನೆಯಲ್ಲಿ ಹೇಳದ ಒಂದು ದೃಶ್ಯದ ಬಗ್ಗೆ ಹೇಳಲೇಬೇಕು. ಚಿತ್ರಕಥೆ ಬರೆದವರು ಇಬ್ಬರು: ನಿರ್ಮಾಪಕ ಐವನ್ ಫಾಕ್ಸ್‌ವೆಲ್ ಮತ್ತು ವೇಲ್ಸ್‌ನ ಕವಿ ಡಿಲನ್ ಥಾಮಸ್. ಹೌದು, ಅದೇ ಡಿಲನ್ ಥಾಮಸ್. ಯುದ್ಧದ ಸಮಯದಲ್ಲಿ ಸರ್ಕಾರದ ಪ್ರಚಾರ ಚಿತ್ರಗಳಿಗೆ ಬರೆದು ಹೊಟ್ಟೆ ಹೊರೆದವರು. ಯುದ್ಧ ಮುಗಿದ ಮೇಲೂ ಕವಿತೆಯಿಂದ ಮನೆ ನಡೆಯಲಿಲ್ಲ, ಸಿನಿಮಾಕ್ಕೆ ಬರೆದರು. ಈ ಚಿತ್ರದ ನಿರ್ದೇಶಕ ಡೇನಿಯಲ್ ಬರ್ಟ್ ಅದೇ ವರ್ಷ ತೆಗೆದ ಇನ್ನೊಂದು ಚಿತ್ರದಲ್ಲೂ ಥಾಮಸ್ ಅವರ ಕೈ ಇದೆ.

ದೃಶ್ಯ ಇದು. ರಾತ್ರಿ. ಮಕ್ಕಳು ಹಾಸಿಗೆಯಲ್ಲಿ ಒತ್ತಿಕೊಂಡು ಮಲಗಿದ್ದಾರೆ. ನಾರ್ಮಾ ಉಳಿದವರಿಗೆ ಸಿಂಡ್ರೆಲ್ಲಾ ಕಥೆ ಹೇಳುತ್ತಾಳೆ. ಪುಸ್ತಕದ ಸಿಂಡ್ರೆಲ್ಲಾ ಅಲ್ಲ. ಲಂಡನ್ನಿನ ಬೀದಿ ಭಾಷೆಯಲ್ಲಿ, ತಾನು ಕಂಡ ಲೋಕದ ಸಾಮಾನುಗಳನ್ನೆಲ್ಲ ತುರುಕಿ ಹೇಳುವ ಸಿಂಡ್ರೆಲ್ಲಾ. ಮಲತಾಯಿಯ ಮನೆಯಲ್ಲೇ ಕೂತು ಮಲತಾಯಿಯ ಕಥೆ ಹೇಳುತ್ತಿದ್ದೇವೆ ಅನ್ನುವುದು ಆ ಮಕ್ಕಳಿಗೆ ಹೊಳೆದಿದೆಯೋ ಇಲ್ಲವೋ, ಸಿನಿಮಾ ಅದನ್ನು ಎತ್ತಿ ಹೇಳುವುದಿಲ್ಲ. ಸುಮ್ನೆ ಹೇಳಲು ಬಿಡುತ್ತದೆ. ಕಥೆ ಹೇಳುವ ನಾರ್ಮಾ ಆಗಿ ನಟಿಸಿದವರು ಜೋನ್ ಡೌಲಿಂಗ್. ರಂಗದ ಮೇಲೂ ಆ ಪಾತ್ರ ಅವರದೇ. ಆಗ ಅವರಿಗೆ ಇಪ್ಪತ್ತರ ಆಸುಪಾಸು, ಆದರೂ ಹದಿಮೂರರ ಹುಡುಗಿಯ ಮೊಂಡು, ಹಸಿವು, ಯಜಮಾನಿಕೆ ಎಲ್ಲ ಆ ಮುಖದಲ್ಲಿದೆ. ಮೇರಿ ಒಳ್ಳೆಯ ಹುಡುಗಿ, ಅಷ್ಟೇ. ನಾರ್ಮಾ ನಿಜವಾದ ಹುಡುಗಿ. ಕದಿಯುತ್ತಾಳೆ, ಸುಳ್ಳು ಹೇಳುತ್ತಾಳೆ, ಚಿಕ್ಕವರನ್ನು ಗದರುತ್ತಾಳೆ, ಅವರನ್ನು ಕಾಯುವವಳೂ ಅವಳೇ. ಡೌಲಿಂಗ್ 1954ರಲ್ಲಿ, 26ನೇ ವಯಸ್ಸಿಗೇ ತೀರಿಕೊಂಡರು.

ಶೀರ್ಷಿಕೆ ಬೈಬಲ್ಲಿನದು. ಯೇಸುವಿನ ತಾಯಿ ಮೇರಿ ಹೆರಿಗೆಗೆ ಜಾಗ ಹುಡುಕಿದಾಗ ಛತ್ರದಲ್ಲಿ ಸ್ಥಳವಿಲ್ಲ ಅಂದರಲ್ಲ, ಅದು. ಹೊಸ ಹುಡುಗಿಗೂ ಮೇರಿ ಅಂತಲೇ ಹೆಸರಿಟ್ಟದ್ದು ಸ್ವಲ್ಪ ಜಾಸ್ತಿ ಆಯಿತು ಅನಿಸುತ್ತದೆ ನನಗೆ.

ಈ ಚಿತ್ರ ಹಿಡಿಸಿದರೆ, ಅಂದರೆ ಇನ್ನೊಂದು ರಾತ್ರಿಯ ನಿದ್ದೆ ಬಿಡಲು ತಯಾರಿದ್ದರೆ, 1952ರ 'ವಿಮೆನ್ ಆಫ್ ಟ್ವೈಲೈಟ್' ನೋಡಿ. ಅಕ್ಕ ತಂಗಿಯ ಹಾಗಿದೆ. ಅದೂ ಎಂಬಸಿ ಥಿಯೇಟರ್‌ನಲ್ಲಿ 1951ರಲ್ಲಿ ಶುರುವಾದ ನಾಟಕ. ಬರೆದವರು ಸಿಲ್ವಿಯಾ ರೇಮನ್, ಅವರ ಮೊದಲ ನಾಟಕ ಅದು. ರಂಗದ ಮೇಲೆ ಎಲ್ಲ ಪಾತ್ರಗಳೂ ಹೆಂಗಸರದ್ದೇ. ಮದುವೆಯಾಗದೆ ಬಸುರಿಯಾದ ಹುಡುಗಿಯರಿಗೆ ಯಾರೂ ಬಾಡಿಗೆಗೆ ಮನೆ ಕೊಡದ ಕಾಲ. ಅವರಿಗೆ ಜಾಗ ಕೊಟ್ಟು ಅವರ ರಕ್ತ ಹೀರುವ ಮನೆಯೊಡತಿ ಯಾರು? ಮತ್ತೆ ಫ್ರೆಡಾ ಜ್ಯಾಕ್ಸನ್! ಜೋನ್ ಡೌಲಿಂಗ್ ಕೂಡ ಇದ್ದಾರೆ. ಸಿನಿಮಾಕ್ಕೆ ಗಂಡಸರನ್ನೂ ಸೇರಿಸಿದರು, ಲಾರೆನ್ಸ್ ಹಾರ್ವೆ ಅವರಲ್ಲೊಬ್ಬರು. 16 ದಾಟಿದವರಿಗೆ ಮಾತ್ರ ಅನ್ನುವ ಎಕ್ಸ್ ಸರ್ಟಿಫಿಕೇಟ್ 1951ರಲ್ಲಿ ಹೊಸದಾಗಿ ಬಂದಿತ್ತು. ಅದನ್ನು ಪಡೆದ ಮೊದಲ ಬ್ರಿಟಿಷ್ ಚಿತ್ರ ಇದು ಅನ್ನುತ್ತಾರೆ. ಇವತ್ತು ನೋಡಿದರೆ ಅದರಲ್ಲಿ ಮುಚ್ಚಿಡುವಂಥದ್ದೇನಿದೆ ಅನಿಸುತ್ತದೆ. ಮದುವೆಯಿಲ್ಲದ ತಾಯಂದಿರು ಒಂದೇ ಮನೆಯಲ್ಲಿ ಇದ್ದಾರೆ ಅನ್ನುವುದೇ ಆಗ ದೊಡ್ಡ ವಿಷಯ. ಆ ಮನೆಯ ಬಾಗಿಲುಗಳನ್ನೂ ಗಮನಿಸಿ.

ಮಕ್ಕಳ ಜೊತೆ ನೋಡಬಹುದಾ ಅಂದಿರಿ. ಹನ್ನೆರಡರ ಒಳಗಿನವರಾದರೆ ಬೇಡ. ಹೊಡೆತ, ರಕ್ತ ಅಂಥದ್ದೇನೂ ಜಾಸ್ತಿ ಇಲ್ಲ. ಆದರೆ ಪುಟ್ಟ ಹುಡುಗನನ್ನು ಕತ್ತಲೆಯ ನೆಲಮಾಳಿಗೆಗೆ ಹಾಕಿ ಬೀಗ ಹಾಕುವುದು ಸಣ್ಣವರ ತಲೆಯಲ್ಲಿ ಬಹಳ ದಿನ ಕೂತುಬಿಡುತ್ತದೆ. ಮೇರಿಯ ಅಪ್ಪನಿಗೆ ಮಿಸೆಸ್ ವೊರೇ ಕುಡಿಸಿ ಬಲೆ ಬೀಸುವ ಭಾಗವೂ ಮಕ್ಕಳಿಗಲ್ಲ. ಹದಿನಾಲ್ಕು, ಹದಿನೈದರವರಾದರೆ ಪಕ್ಕದಲ್ಲಿ ಕೂತು ನೋಡಿ. ಆನ್‌ಲೈನ್‌ನಲ್ಲಿ ಸಿಗುವ ಪ್ರತಿಗಳು ಕತ್ತಲು ಕತ್ತಲು ಇರುತ್ತವೆ, ಮೊಬೈಲ್‌ನಲ್ಲಿ ಅರ್ಧ ಕಾಣುವುದೇ ಇಲ್ಲ. ಟಿವಿಗೆ ಹಾಕಿ, ಕೋಣೆಯ ದೀಪ ಆರಿಸಿ. ಚಿಕ್ಕವರು ಹಠ ಮಾಡಿದರೆ ಸಿಂಡ್ರೆಲ್ಲಾ ಕಥೆಯ ಹೊತ್ತಿಗೆ ಮಾತ್ರ ಕರೆಯಿರಿ. ಆ ಇಂಗ್ಲಿಷ್ ಅವರಿಗೆ ಒಂದಕ್ಷರ ಅರ್ಥವಾಗದಿದ್ದರೂ ಪರವಾಗಿಲ್ಲ, ನಾರ್ಮಾಳ ಕೈ ನೋಡಿಯೇ ನಗುತ್ತಾರೆ.